ಸಂತೆಯ ಚೀಲ, ಹಿತ್ತಿಲ ಬಾಗಿಲು

(ಮಳೆಗಾಲದ ಆರಂಭದಲ್ಲಿ ಗ್ರಾಮಸ್ಥರೂ ವಿದ್ಯಾರ್ಥಿಗಳೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಾಡು, ನದಿ, ಅಣೆಕಟ್ಟುಗಳ ಕುರಿತು ಗಂಭೀರವಾದ ಮಾತು ನಡೆಯುವ ಈ ವೇದಿಕೆಯ ಮೇಲೆ ಕಿರಾಣಿ ಸಾಮಾನಿನ ಚೀಟಿಯೊಂದನ್ನು ಹಿಡಿದು ನಿಂತಿದ್ದೇನೆ. ಕೆಲವರಿಗೆ ನಗು ಬಂದೀತು, ಬರಲಿ. ಮೂವತ್ತು ವರ್ಷಗಳಿಂದ ಮನೆಯ ಖರ್ಚಿನ ಲೆಕ್ಕ ಬರೆಯುತ್ತ ಬಂದವಳಿಗೆ ಇದಕ್ಕಿಂತ ಚೆನ್ನಾಗಿ ತಿಳಿದ ವಿಷಯ ಬೇರೊಂದಿಲ್ಲ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ೨೦೨೩ರ ಜುಲೈ ತಿಂಗಳಲ್ಲಿ ಟೊಮೆಟೊ ದರ ಕಿಲೋಗೆ ನೂರು ರೂಪಾಯಿ ದಾಟಿದ್ದು ನಿಮಗೆ ನೆನಪಿರಬಹುದು. ಅಂದು ಸಂತೆಯಲ್ಲಿ ಗೊಣಗುತ್ತಲೇ ಅರ್ಧ ಕಿಲೋ ಕೊಂಡು, ಕೊಡೆ ಹಿಡಿದು ಮನೆಗೆ ಬಂದೆ. ಹಿತ್ತಿಲ ಬಾಗಿಲು ತೆರೆದರೆ ಅಮಟೆಮರದ ಬುಡದಲ್ಲಿ ಎಳೆಗಾಯಿಗಳು ಉದುರಿ ಕೊಳೆಯುತ್ತಿದ್ದವು. ಅಟ್ಟದ ಭರಣಿಯಲ್ಲಿ ಮುರುಗಲು ಸಿಪ್ಪೆ ಇತ್ತು, ಹುಣಸೆಹಣ್ಣಿನ ಉಂಡೆಯೂ ಇತ್ತು. ಸಾರಿಗೆ ಬೇಕಾದದ್ದು ಹುಳಿ ಮಾತ್ರ. ಆ ಹುಳಿಗಾಗಿ ಹುಬ್ಬಳ್ಳಿ, ಬೆಳಗಾವಿಯ ಕಡೆಯಿಂದ ಲಾರಿ ಹತ್ತಿ ಬಂದ ಹಣ್ಣಿಗೆ ಹಣ ತೆತ್ತಿದ್ದೆ. ನನ್ನ ಅತ್ತೆಯವರು ಬದುಕಿದ್ದರೆ ಏನೂ ಅನ್ನುತ್ತಿರಲಿಲ್ಲ, ಒಮ್ಮೆ ಚೀಲವನ್ನೂ ಒಮ್ಮೆ ಮರವನ್ನೂ ನೋಡುತ್ತಿದ್ದರು, ಅಷ್ಟೆ.

ಅಂದು ರಾತ್ರಿ ಹಳೆಯ ಚೀಟಿಗಳನ್ನೆಲ್ಲ ತೆಗೆದು ಕುಳಿತೆ. ಐದು ಜನರ ನಮ್ಮ ಮನೆಗೆ ತಿಂಗಳಿಗೆ ತೊಗರಿಬೇಳೆ ೩ ಕಿಲೋ, ಎಣ್ಣೆ ೬ ಲೀಟರ್, ಸಕ್ಕರೆ ೬ ಕಿಲೋ. ಅದರ ಕೆಳಗೆ ಬಿಸ್ಕತ್ತು, ನೂಡಲ್ಸು, ಖಾರದ ಪೊಟ್ಟಣಗಳ ಉದ್ದನೆಯ ಸಾಲು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೪ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯನ್ನು ಆಮೇಲೆ ಓದಿದಾಗ ಈ ಚೀಟಿಯ ನಿಜವಾದ ಅರ್ಥ ತಿಳಿಯಿತು. ದಿನಕ್ಕೆ ೨೦೦೦ ಕ್ಯಾಲೊರಿ ಬೇಕಾದ ಒಬ್ಬರಿಗೆ ಧಾನ್ಯ ೨೫೦ ಗ್ರಾಂ, ತರಕಾರಿ ಮತ್ತು ಸೊಪ್ಪು ೪೦೦ ಗ್ರಾಂ, ಬೇಳೆಕಾಳು ೮೫ ಗ್ರಾಂ, ಎಣ್ಣೆ-ತುಪ್ಪ ೨೭ ಗ್ರಾಂ ಎಂಬುದು ಅದರ ಲೆಕ್ಕ. ಮೊಟ್ಟೆ, ಮೀನು, ಮಾಂಸ ಉಣ್ಣುವವರು ಅದನ್ನೂ ಆ ೮೫ ಗ್ರಾಮಿನಲ್ಲಿಯೇ ಸೇರಿಸಿಕೊಳ್ಳಬೇಕು. ಐದು ಜನಕ್ಕೆ, ಮೂವತ್ತು ದಿನಕ್ಕೆ ಗುಣಿಸಿ ನೋಡಿ. ಬೇಳೆಕಾಳು ಹನ್ನೆರಡೂವರೆ ಕಿಲೋ ಮೀರುತ್ತದೆ. ಮಕ್ಕಳಿಗೆಂದು ಒಂದಿಷ್ಟು ಕಳೆದರೂ ಹತ್ತು ಕಿಲೋ ಬೇಕು. ನಾವು ತರುತ್ತಿದ್ದುದು ಮೂರು. ಎಣ್ಣೆಯಾದರೋ ನಾಲ್ಕೂವರೆ ಲೀಟರ್ ಧಾರಾಳವಾಗಿ ಸಾಕು, ನಾವು ಸುರಿಯುತ್ತಿದ್ದುದು ಆರು. ಉಳಿತಾಯವೆಂದಾಗ ನಮ್ಮ ಕೈ ಮೊದಲು ಹೋಗುವುದು ಬೇಳೆಯ ಡಬ್ಬಿಗೆ. ಸಾರು ನೀರಾಗುತ್ತದೆ, ಪೊಟ್ಟಣಗಳ ಸಾಲು ಮಾತ್ರ ಹಾಗೆಯೇ ಇರುತ್ತದೆ.

೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಸುಮಾರು ಮೂರನೇ ಎರಡರಷ್ಟು ಮಕ್ಕಳಿಗೆ, ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇತ್ತು. ಆದ್ದರಿಂದ ಹೊಟ್ಟೆ ಕಟ್ಟಿ ಹಣ ಉಳಿಸುವ ಮಾತನ್ನು ನಾನಿಲ್ಲಿ ಆಡುತ್ತಿಲ್ಲ. ಬೇಳೆಕಾಳಿನ ತೂಕವನ್ನು ಏರಿಸಿಯೂ ಒಟ್ಟು ಖರ್ಚನ್ನು ಇಳಿಸಲು ಸಾಧ್ಯವೇ ಎಂಬುದೇ ನನ್ನ ಪ್ರಶ್ನೆ. ನಮ್ಮ ಮನೆಯಲ್ಲಿ ಸಾಧ್ಯವಾಗಿದೆ.

ತೊಗರಿಯೊಂದೇ ಬೇಳೆಯೆಂಬ ಭ್ರಮೆಯಿಂದ ಮೊದಲು ಹೊರಬರಬೇಕಾಯಿತು. ೨೦೧೫ರಲ್ಲಿ ತೊಗರಿಬೇಳೆ ಕಿಲೋಗೆ ಇನ್ನೂರರ ಆಸುಪಾಸಿಗೆ ಏರಿದಾಗ ಎಲ್ಲರೂ ಹೌಹಾರಿದೆವು. ಹುರುಳಿಯ ಹೆಸರನ್ನು ಯಾರೂ ಎತ್ತಲಿಲ್ಲ, ಅದು ಎತ್ತಿನ ಮೇವೆಂಬ ತಾತ್ಸಾರ. ನೂರು ಗ್ರಾಂ ಹುರುಳಿಯಲ್ಲಿಯೂ ನೂರು ಗ್ರಾಂ ತೊಗರಿಬೇಳೆಯಲ್ಲಿಯೂ ಪ್ರೋಟೀನು ಹೆಚ್ಚುಕಡಿಮೆ ಸಮ, ೨೧-೨೨ ಗ್ರಾಂ. ಬೆಲೆಯಲ್ಲಿ ಹುರುಳಿ ಸಾಮಾನ್ಯವಾಗಿ ಅಗ್ಗ. ರಾತ್ರಿ ನೆನೆಹಾಕಿ ಬೆಳಿಗ್ಗೆ ಬೇಯಿಸಿದರೆ ಗ್ಯಾಸೂ ಉಳಿಯುತ್ತದೆ, ಸೌದೆಯೂ ಉಳಿಯುತ್ತದೆ. ಬೆಂದ ಕಟ್ಟಿನಿಂದ ಸಾರು, ಕಾಳಿನಿಂದ ಪಲ್ಯ. ವಾರದಲ್ಲಿ ಎರಡು ದಿನ ಹುರುಳಿ, ಎರಡು ದಿನ ಅಲಸಂದೆ ಇಲ್ಲವೇ ಹೆಸರು, ಉಳಿದ ದಿನ ತೊಗರಿ. ಮೀನು ತಿನ್ನುವ ಮನೆಯವರಿಗೆ ಘಟ್ಟದ ಕೆಳಗಿನಿಂದ ಬರುವ ತಾರ್ಲೆ ಮೀನು, ಒಣಮೀನು ಇವೆ. ಸಣ್ಣ ಮೀನಿನ ಪೌಷ್ಟಿಕತೆಗೆ ದೊಡ್ಡ ಮೀನಿನ ಬೆಲೆಯೇನೂ ತೆರಬೇಕಾಗಿಲ್ಲ. ಅನ್ನವೇ ಪ್ರಧಾನವಾದ ನಮ್ಮ ಮಲೆನಾಡಿನ ಮನೆಗಳಿಗೆ ತಿಂಗಳಿಗೆ ಎರಡು ಕಿಲೋ ರಾಗಿಯನ್ನೂ ಸೇರಿಸಿಕೊಳ್ಳಿ ಎನ್ನುತ್ತೇನೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶವಿದೆ, ಅಕ್ಕಿಯಲ್ಲಿ ಅದು ಅತ್ಯಲ್ಪ. ಬೆಳೆಯುವ ಮಕ್ಕಳಿಗೆ ಅಂಬಲಿ ಕಾಸಿ ಕೊಡುವುದು ಹಳೆಯ ಪದ್ಧತಿಯೇ ಹೊರತು ಹೊಸದೇನಲ್ಲ.

ಇನ್ನು ಪೊಟ್ಟಣದ ಲೆಕ್ಕ. ವಿದ್ಯಾರ್ಥಿಗಳೇ, ಇದನ್ನು ನೀವೇ ಮಾಡಿ. ಹತ್ತು ರೂಪಾಯಿಯ ಪೊಟ್ಟಣದ ಹಿಂಬದಿಯಲ್ಲಿ ಅಚ್ಚಾಗಿರುವ ತೂಕವನ್ನು ಓದಿ. ೨೫ ಗ್ರಾಂ ಎಂದಿದ್ದರೆ ಕಿಲೋಗೆ ೪೦೦ ರೂಪಾಯಿ ಕೊಟ್ಟಂತಾಯಿತು. ಆ ದರಕ್ಕೆ ಬೇಳೆ ಎಷ್ಟು ಬರುತ್ತದೆ, ಮೊಟ್ಟೆ ಎಷ್ಟು ಬರುತ್ತದೆ? ಪ್ಲಾಸ್ಟಿಕ್ ಹಾಳೆ ಹಳ್ಳಕ್ಕೆ ಸೇರುವುದರ ಬಗ್ಗೆ ಇಲ್ಲಿ ಹಲವರು ಮಾತನಾಡಿದ್ದಾರೆ, ಅದನ್ನು ಮತ್ತೆ ಹೇಳುವುದಿಲ್ಲ.

ತರಕಾರಿಗೆ ಬರೋಣ. ದಿನಕ್ಕೆ ಒಬ್ಬರಿಗೆ ೪೦೦ ಗ್ರಾಂ ಎಂಬುದನ್ನು ಸಂತೆಯಿಂದಲೇ ತರುತ್ತೇನೆಂದರೆ ಯಾವ ಕೂಲಿಯೂ ಸಾಲದು. ಮಳೆ ಬಿದ್ದ ಹದಿನೈದು ದಿನದಲ್ಲಿ ರಸ್ತೆಬದಿಯಲ್ಲೆಲ್ಲ ಚಗಟೆ ಏಳುತ್ತದೆ, ಅದರ ಎಳೆಯ ಕುಡಿ ಪಲ್ಯಕ್ಕೆ ಬರುತ್ತದೆ. ಗದ್ದೆಯ ಹಾಳಿಯಲ್ಲಿ ಒಂದೆಲಗ, ಹೊನಗೊನೆ. ಬಚ್ಚಲ ನೀರು ಹರಿಯುವಲ್ಲಿ ಕೆಸು. ಬೇಲಿಯಲ್ಲಿ ಚಕ್ರಮುನಿ, ಮನೆಯ ಹಿಂದೆ ನುಗ್ಗೆ. ಹಿಡಿ ಸೊಪ್ಪು, ನಾಲ್ಕು ಕಾಳುಮೆಣಸು, ಜೀರಿಗೆ, ಒಂದಿಷ್ಟು ಕಾಯಿತುರಿ, ಮಜ್ಜಿಗೆ ಇದ್ದರೆ ಒಂದು ಹೊತ್ತಿನ ತಂಬುಳಿಯಾಯಿತು. ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತಬೇಕಾದರೆ ಜೊತೆಯಲ್ಲಿ ನಿಂಬೆ, ನೆಲ್ಲಿಯಂಥ ಹುಳಿ ಇರಬೇಕು, ಊಟದ ಬೆನ್ನಿಗೇ ಚಹಾ ಕುಡಿಯಬಾರದು. ಎಚ್ಚರಿಕೆಯೂ ಅಗತ್ಯ. ಕೆಸುವನ್ನು ಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ. ಕಣಿಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸದೆ ಬೇಯಿಸಬಾರದು. ಚಕ್ರಮುನಿ ಒಳ್ಳೆಯದೆಂದು ಹಸಿರಸ ಕುಡಿಯಹೊರಟವರೂ ಇದ್ದಾರೆ. ೧೯೯೦ರ ದಶಕದಲ್ಲಿ ತೈವಾನಿನಲ್ಲಿ ಹಾಗೆ ಕುಡಿದು ಅನೇಕರ ಶ್ವಾಸಕೋಶ ಕೆಟ್ಟಿತು. ಬೇಯಿಸಿ, ಮಿತವಾಗಿ ಉಣ್ಣಿರಿ. ಗುರುತು ಸಿಗದ ಅಣಬೆಯನ್ನಂತೂ ಮುಟ್ಟಬೇಡಿ.

ಮಳೆಗಾಲದ ತರಕಾರಿಯ ಕೊರತೆಯನ್ನು ನಮ್ಮ ಹಿರಿಯರು ಬೇಸಿಗೆಯಲ್ಲಿಯೇ ನೀಗಿಸಿಕೊಳ್ಳುತ್ತಿದ್ದರು. ಮೊಗೆಕಾಯಿಯನ್ನು ಬಾಳೆಹಗ್ಗದಲ್ಲಿ ಕಟ್ಟಿ ಜಂತಿಗೆ ತೂಗುಬಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೂದುಗುಂಬಳ, ಸುವರ್ಣಗಡ್ಡೆಯೂ ಹಾಗೆಯೇ. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವುದು, ಬೇಳೆಯನ್ನು ಮಣ್ಣು ಸವರಿ ಕಾಪಿಡುವುದು, ಹಪ್ಪಳ, ಸಂಡಿಗೆ, ಬಾಳಕದ ಮೆಣಸು. ಇವನ್ನೆಲ್ಲ ಹೊಗಳುವುದು ಸುಲಭ. ಒಂದು ಹಲಸಿನ ಹಣ್ಣು ಬಿಡಿಸುವಷ್ಟರಲ್ಲಿ ಸೊಂಟ ಹಿಡಿಯುವುದು ಯಾರದು? ಮಳೆಬಿಲ್ಲಿನಷ್ಟು ಚೆಂದದ ಹಳೆಯ ಅಡುಗೆಮನೆಯ ವರ್ಣನೆ ಮಾಡುವ ಗಂಡಸರು ಮೇಣ ಮೆತ್ತಿದ ಕೈ ತೋರಿಸಿದ್ದನ್ನು ನಾನು ಕಂಡದ್ದು ಕಡಿಮೆ. ಕಾಯಿ ಕೊಯ್ಯುವುದು, ಸೊಳೆ ಬಿಡಿಸುವುದು, ಹಪ್ಪಳ ಒಣಗಿಸುವುದು ಮನೆಯ ಗಂಡುಮಕ್ಕಳ ಕೆಲಸವೂ ಆಗದಿದ್ದರೆ ಉಳಿತಾಯದ ಹಣ ಹೆಂಗಸಿನ ನಿದ್ದೆಯಿಂದ ಕಳೆದದ್ದಾಗುತ್ತದೆ. ಈ ಷರತ್ತಿನ ಮೇಲೆಯೇ ನಮ್ಮ ಮನೆಯಲ್ಲಿ ಮತ್ತೆ ಹಪ್ಪಳ ಶುರುವಾಯಿತು.

ಇದಕ್ಕಿಂತ ಕಠಿಣವಾದ ಮಾತೊಂದನ್ನು ನಮ್ಮ ತೋಟದ ಕೆಲಸಕ್ಕೆ ಬರುವ ಹೆಂಗಸು ನನಗೆ ಹೇಳಿದಳು. ಅವಳಿಗೆ ಹಿತ್ತಿಲ ಸೊಪ್ಪಿನ ಮಹಿಮೆಯನ್ನು ವಿವರಿಸುತ್ತಿದ್ದೆ. “ನಿಮಗೆ ಬೆಟ್ಟ ಉಂಟು, ತೋಟ ಉಂಟು. ನಮ್ಮ ಮನೆಗೆ ಅಂಗಳ ಬಿಟ್ಟರೆ ರಸ್ತೆಯೇ ಅಮ್ಮಾ” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಸೊಪ್ಪಿನ ಬೆಟ್ಟದ ಹಕ್ಕುಳ್ಳವರ ಮಿತವ್ಯಯವನ್ನು ಎರಡು ಗುಂಟೆಯವರಿಗೆ ಉಪದೇಶಿಸುವುದು ಅನ್ಯಾಯ. ಹಾಗೆಂದು ಎಲ್ಲರೂ ಕಾಡಿಗೆ ನುಗ್ಗಿದರೂ ಕಾಡು ಉಳಿಯದು. ಉಪ್ಪಾಗೆಗೆ ಒಳ್ಳೆಯ ಬೆಲೆ ಬಂದ ಕಾಲದಲ್ಲಿ ಕಾಯಿಯ ಆಸೆಗೆ ಟೊಂಗೆಗಳನ್ನೇ ಕಡಿದದ್ದನ್ನೂ, ಸಿಪ್ಪೆ ಒಣಗಿಸಲು ಹೊರೆಗಟ್ಟಲೆ ಸೌದೆ ಉರಿಸಿದ್ದನ್ನೂ ನಾವೇ ನೋಡಿದ್ದೇವೆ.

ಆ ಹೆಂಗಸಿನ ಸ್ವಸಹಾಯ ಸಂಘವೇ ಆಮೇಲೆ ಒಂದು ದಾರಿಯನ್ನು ಹಿಡಿಯಿತು. ಹತ್ತು ಮನೆಯವರು ಸೇರಿ, ಸಂಕ್ರಾಂತಿಯ ಹೊತ್ತಿಗೆ ಕಲಬುರಗಿ ಕಡೆಯ ಹೊಸ ತೊಗರಿ ಮಾರುಕಟ್ಟೆಗೆ ಬಂದಾಗ ಬೇಳೆಯನ್ನು ಮೂಟೆಯ ಲೆಕ್ಕದಲ್ಲಿ ಕೊಂಡು ಹಂಚಿಕೊಳ್ಳತೊಡಗಿದರು. ಹುರುಳಿಯನ್ನೂ ಹಾಗೆಯೇ. ಉದ್ರಿಯಲ್ಲಿ ಕಾಲು ಕಿಲೋ, ಅರ್ಧ ಕಿಲೋ ತರುವವರೇ ಹೆಚ್ಚು ಬೆಲೆ ಕೊಡುವವರು. ಬಡವರ ಚೀಟಿ ದುಬಾರಿಯಾಗುವುದು ಅಲ್ಲಿ. ಮೊದಲ ವರ್ಷ ಒಂದು ಅನಾಹುತವೂ ಆಯಿತು. ಆಷಾಢದ ಥಂಡಿಗೆ ಅರ್ಧ ಮೂಟೆ ಹುರುಳಿ ಬೂಷ್ಟು ಹಿಡಿಯಿತು. ಬೂಷ್ಟು ಹಿಡಿದ ಕಾಳನ್ನು ತೊಳೆದು ತಿನ್ನುವುದು ಅಪಾಯ, ಎಸೆದರು. ಮರುವರ್ಷದಿಂದ ಮೇ ತಿಂಗಳ ಬಿಸಿಲಿನಲ್ಲಿ ಎರಡು ದಿನ ಕಾಯಿಸಿ, ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬುತ್ತಿದ್ದಾರೆ. ಅಂಗಳದ ಅಂಚಿನಲ್ಲಿ ಒಂದು ನುಗ್ಗೆ, ಒಂದು ಪಪ್ಪಾಯಿ, ಪಾತ್ರೆ ತೊಳೆದ ನೀರು ಹೋಗುವಲ್ಲಿ ಬಸಳೆ ಚಪ್ಪರ, ಬೇಲಿಗೆ ಚಕ್ರಮುನಿ. ಇಷ್ಟಕ್ಕೆ ಎರಡು ಗುಂಟೆಯೂ ಬೇಡ.

ಹೊರಗಿನ ಜಗಲಿಯಲ್ಲಿ ಒದ್ದೆ ಗೋಣಿಯಡಿ ಬಸಳೆ, ಚಕ್ರಮುನಿಯ ಕಡ್ಡಿಗಳನ್ನೂ ನುಗ್ಗೆಯ ಗೂಟಗಳನ್ನೂ ಇಟ್ಟಿದ್ದೇವೆ. ಎಲ್ಲರಿಗೂ ಸಾಲುವಷ್ಟಿಲ್ಲ. ತೋಟ ಇರುವವರು ಸ್ವಲ್ಪ ಹಿಂದೆ ನಿಂತು, ಅಂಗಳ ಮಾತ್ರ ಇರುವವರಿಗೆ ಮೊದಲು ಬಿಟ್ಟುಕೊಡಬೇಕೆಂದು ವಿನಂತಿ. ಗೋಣಿಯನ್ನು ಮರಳಿಸಿ, ಅದು ಅಂಗಡಿಯವರದು.