ಪೇಜ್‌ಮೇಕರ್ ಕಲಿತವರ ಊರಲ್ಲಿ ಹೊಸದಾಗಿ ಡಿಟಿಪಿ ಕಲಿಯೋದು

ಶಿಕಾರಿಪುರದಿಂದ ಮಾತಾಡ್ತಿದ್ದೀನಿ. ಈ ಸಂಚಿಕೆ ಡಿಟಿಪಿ ಬಗ್ಗೆ. ತಾಲ್ಲೂಕು ಕಚೇರಿ ಇರೋ ಯಾವ ಊರಿಗೆ ಬೇಕಾದ್ರೂ ಹೋಗಿ, ಎದುರಿಗೇ ‘ಜೆರಾಕ್ಸ್, ಡಿ.ಟಿ.ಪಿ., ಲ್ಯಾಮಿನೇಷನ್’ ಅಂತ ಬೋರ್ಡು ಕಾಣುತ್ತೆ. ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಎಲ್ಲಾ ತಯಾರಾಗೋದು ಅಲ್ಲೇ. ಈ ಕೆಲಸ ಹೊಸದಾಗಿ ಕಲಿಯೋರು ಎಲ್ಲಿಂದ ಶುರು ಮಾಡಬೇಕು ಅಂತ ಕೆಲವು ಕೇಳುಗರು ಕೇಳಿದ್ರು. ನಾನು ಓದಿದ್ದು ಬಿ.ಕಾಂ. ಕಳೆದ ಒಂದು ವರ್ಷದಿಂದ ವಾರಕ್ಕೆ ಎರಡು ದಿನ ಶಿರಾಳಕೊಪ್ಪದ ಮೇಲೆ ಬಸ್ಸಲ್ಲಿ ಸೊರಬಕ್ಕೆ ಹೋಗಿ, ಅಲ್ಲಿ ಇಪ್ಪತ್ತು ವರ್ಷದಿಂದ ಅಂಗಡಿ ನಡೆಸ್ತಿರೋ ಒಬ್ಬ ಅಕ್ಕನ ಹತ್ರ ಕೂತು ಕಲೀತಿದ್ದೀನಿ. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಹೇಳ್ತಿಲ್ಲ.

ಮೊದಲು ಸ್ವಲ್ಪ ಹಿನ್ನೆಲೆ. ಪೇಜ್‌ಮೇಕರ್ ಬಂದಿದ್ದು 1985ರಲ್ಲಿ, ಆಲ್ಡಸ್ ಅನ್ನೋ ಕಂಪನಿಯಿಂದ. 1994ರಲ್ಲಿ ಆಲ್ಡಸ್ ಅಡೋಬಿ ಕೈಸೇರಿತು. 1999ರಲ್ಲಿ ಅಡೋಬಿ ಇನ್‌ಡಿಸೈನ್ ತಂತು, 2001ರ 7ನೇ ಆವೃತ್ತಿಗೆ ಪೇಜ್‌ಮೇಕರ್ ನಿಂತುಹೋಯ್ತು. ಆದ್ರೆ ನಮ್ಮ ಕಡೆ ಅದು ನಿಲ್ಲಲೇ ಇಲ್ಲ. ಯಾಕಂದ್ರೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರಹ, ನುಡಿ ತಂತ್ರಾಂಶಗಳು ಬಂದು ಕನ್ನಡ ಟೈಪಿಂಗ್ ಎಲ್ಲರ ಕೈಗೆ ಸಿಕ್ಕಿತ್ತು. ಪೇಜ್‌ಮೇಕರ್ ಮತ್ತು ನುಡಿ ಜೋಡಿಯಲ್ಲಿ ಒಂದು ತಲೆಮಾರು ಸಂಸಾರ ನಡೆಸಿದೆ. ಅಕ್ಕನ ಬೆರಳಿನ ವೇಗ ನೋಡಿದ್ರೆ ಯಾಕೆ ಬಿಡಲಿಲ್ಲ ಅಂತ ಅರ್ಥ ಆಗುತ್ತೆ. ಗಿರಾಕಿ ಎದುರಿಗೆ ನಿಂತು ಹೇಳ್ತಾ ಹೋಗ್ತಾರೆ, ಅವರ ಮಾತು ಮುಗಿಯೋ ಹೊತ್ತಿಗೆ ಪತ್ರಿಕೆ ರೆಡಿ.

ತೊಂದರೆ ಇರೋದು ಅಕ್ಷರದ ಒಳಗೆ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿದ್ವು. ಪರದೆ ಮೇಲೆ ಕನ್ನಡ ಕಾಣುತ್ತೆ, ಆದ್ರೆ ಕಂಪ್ಯೂಟರ್ ಪಾಲಿಗೆ ಅದು ಕನ್ನಡ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದ್ರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಇದನ್ನೇ ಆಡುಮಾತಲ್ಲಿ ‘ಆಸ್ಕಿ’ ಕನ್ನಡ ಅಂತಾರೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಸ್ಥಾನ ಇದೆ. ಮೊಬೈಲ್, ವಾಟ್ಸಾಪ್, ಗೂಗಲ್ ಎಲ್ಲಾ ನಡೆಯೋದು ಅದರಲ್ಲೇ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ.

ಇದು ಬರೀ ಕಂಪ್ಯೂಟರಿನವರ ತಲೆನೋವು ಅನ್ನಿಸಬಹುದು. ಒಂದು ಉದಾಹರಣೆ ಕೊಡ್ತೀನಿ. ಒಂದು ಹಳ್ಳಿಯ ಸಹಕಾರ ಸಂಘದ ವಾರ್ಷಿಕ ವರದಿ ಬಂತು. ಲೆಕ್ಕಪತ್ರ ಅರ್ಥ ಆಗುತ್ತೆ ಅಂತ ಅಕ್ಕ ನನಗೇ ಕೊಟ್ಟರು. ಹಿಂದಿನ ವರ್ಷದ ಫೈಲು ಆಸ್ಕಿಯಲ್ಲಿತ್ತು, ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದ್ವಿ. ಸದಸ್ಯರ ಪಟ್ಟಿ ಓದ್ತಾ ಹೋದ್ರೆ ಅರ್ಕಾವೊತ್ತು ಇರೋ ಹೆಸರುಗಳಲ್ಲಿ ಕೆಲವು ಒಡೆದುಹೋಗಿದ್ವು. ಕಾರಣ ಸರಳ. ಹಳೆ ಫೈಲಲ್ಲಿ ಅರ್ಕಾವೊತ್ತಿನ ಗುರುತು ಅಕ್ಷರದ ನಂತರ ಬರುತ್ತೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಅಲ್ಲಿ ಅದಲುಬದಲು ಸರಿಯಾಗದಿದ್ರೆ ಹೆಸರೇ ಬೇರೆ ಆಗುತ್ತೆ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಇಂಗ್ಲಿಷಲ್ಲಿತ್ತು, ಪರಿವರ್ತಕ ಅದನ್ನೂ ಕನ್ನಡ ಅಂದ್ಕೊಂಡು ಏನೇನೋ ಮಾಡಿಟ್ಟಿತ್ತು. ಅಕ್ಕ ಹೇಳಿದ್ದು ಇಷ್ಟೇ: “ಮಾರಾಯ, ಅಢಾವೆ ಪತ್ರಿಕೆ ತಪ್ಪಾದ್ರೆ ಆಡಿಟರ್ ಹಿಡೀತಾರೆ. ಹೆಸರು ತಪ್ಪಾದ್ರೆ ಆ ಮನುಷ್ಯ ಸಭೆಯಲ್ಲಿ ಎದ್ದು ನಿಲ್ತಾನೆ, ಅವನ ಮುಖ ನೋಡೋಕಾಗಲ್ಲ.” ಇಬ್ಬರೂ ಕೂತು ಒಬ್ಬರು ಓದಿ, ಇನ್ನೊಬ್ಬರು ಹಳೇ ಪ್ರಿಂಟ್ ನೋಡಿ ಪೂರ್ತಿ ಪಟ್ಟಿ ಸರಿ ಮಾಡಿದ್ವಿ. ಪರಿವರ್ತಕ ಎಷ್ಟೇ ಒಳ್ಳೇದಿರಲಿ, ಹೆಸರು, ಅಂಕಿ, ಇಂಗ್ಲಿಷ್ ಪದ, ಈ ಮೂರನ್ನ ಕಣ್ಣಾರೆ ನೋಡಲೇಬೇಕು.

ಹೊಸಬರಿಗೆ ಇನ್ನೂ ಕೆಲವು ವಿಷಯ. ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಹಾಕಿದಾಗ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ಕಂಡ್ರೆ ಫಾಂಟ್ ಬೈಬೇಡಿ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಅಂತಿದೆ, ಅದನ್ನ ಆರಿಸಿ. ಇನ್‌ಡಿಸೈನ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟೋದು ಕಲಿಯೋರಿಗೆ ಕಷ್ಟ. ಅಂಥವರು ಸ್ಕ್ರೈಬಸ್ ನೋಡಬಹುದು. ಪೂರ್ತಿ ಉಚಿತ, ಮುಕ್ತ ತಂತ್ರಾಂಶ. 2024ರ ಜನವರಿಯಲ್ಲಿ ಬಂದ 1.6 ಆವೃತ್ತಿ ಭಾರತೀಯ ಲಿಪಿಗಳನ್ನ ಜೋಡಿಸುತ್ತೆ. ಹಳೇ 1.4 ಇಳಿಸಿಕೊಳ್ಳಬೇಡಿ, ಅದರಲ್ಲಿ ಒತ್ತಕ್ಷರ ಸರಿ ಬರಲ್ಲ.

ಎರಡನೇದು, ಮೊದಲ ದಿನವೇ ಸ್ಟೈಲ್ ಕಲಿಯಿರಿ. ಶೀರ್ಷಿಕೆಗೆ ಒಂದು, ಪಠ್ಯಕ್ಕೆ ಒಂದು ಪ್ಯಾರಾಗ್ರಾಫ್ ಸ್ಟೈಲ್ ಮಾಡಿಟ್ಟರೆ, ನಲವತ್ತು ಪುಟದ ಶೀರ್ಷಿಕೆಗಳನ್ನ ಒಂದೇ ಕಡೆ ಬದಲಾಯಿಸಬಹುದು. ಕನ್ನಡಕ್ಕೆ ಸಾಲಿನ ಅಂತರ ಜಾಸ್ತಿ ಬೇಕು, ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ ಇರ್ತವಲ್ಲ. 12 ಪಾಯಿಂಟ್ ಅಕ್ಷರಕ್ಕೆ ನಾವು 17, 18 ಇಡ್ತೀವಿ. ಲೆಕ್ಕದ ಪಟ್ಟಿಯಲ್ಲಿ ಸ್ಪೇಸ್ ಒತ್ತಿ ಅಂಕಿ ಜೋಡಿಸಬೇಡಿ, ಡೆಸಿಮಲ್ ಟ್ಯಾಬ್ ಬಳಸಿ. ಆಗ ರೂಪಾಯಿ ಕೆಳಗೆ ರೂಪಾಯಿ, ಪೈಸೆ ಕೆಳಗೆ ಪೈಸೆ ನಿಲ್ಲುತ್ತೆ.

ಮೂರನೇದು, ಪ್ರೆಸ್ಸಿನ ಕಡೆಯಿಂದ ಯೋಚನೆ ಮಾಡಿ. ಮಧ್ಯಕ್ಕೆ ಪಿನ್ ಹೊಡೆಯೋ ಪುಸ್ತಿಕೆಯ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು: 16, 20, 24. ನಾಲ್ಕು ಇಂಚು ಅಗಲದ ಫೋಟೊ ಚೆನ್ನಾಗಿ ಬರಬೇಕಾದ್ರೆ 1200 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಫೋಟೊ ಕುಗ್ಗಿ ಬರುತ್ತೆ, ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ. ಪಿಡಿಎಫ್ ಕೊಡುವಾಗ ಫಾಂಟ್ ಒಳಗೇ ಸೇರಿದೆಯಾ ನೋಡ್ಕೊಳ್ಳಿ.

ಇದರಲ್ಲಿ ಅರ್ಧ ಯೂಟ್ಯೂಬಲ್ಲಿ ಸಿಗುತ್ತೆ. ಇನ್ನರ್ಧ ಸಿಗೋದು ಅಕ್ಕನಂಥವರ ಹತ್ರ. ಯಾವ ಕಾಗದಕ್ಕೆ ಎಷ್ಟು ಮಸಿ, ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಯಾರ ಮೇಲೆ ಬರಬೇಕು, ಇದನ್ನ ಯಾವ ತಂತ್ರಾಂಶವೂ ಹೇಳಲ್ಲ. ಅವರಿಗೆ ಯೂನಿಕೋಡ್ ಹೊಸದು, ನಮಗೆ ಪುಟ ಹೊಸದು. ಒಬ್ಬರಿಗೊಬ್ಬರು ಹೇಳಿಕೊಟ್ಟರೆ ಇಬ್ಬರಿಗೂ ಅನ್ನ ಸಿಗುತ್ತೆ.

ಕೊನೇ ಮಾತು. ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಕಾಲದ ಕಂಬ ಇದೆ. ಕುಬ್ಜ ಅನ್ನೋ ಕವಿ ರಚಿಸಿದ ಶಾಸನ, ಸುಮಾರು 1500 ವರ್ಷ ಆದ್ರೂ ಓದೋಕಾಗುತ್ತೆ. 2004ರಲ್ಲಿ ಪೇಜ್‌ಮೇಕರ್‌ನಲ್ಲಿ ಮಾಡಿದ ಶಾಲೆಯ ಸ್ಮರಣ ಸಂಚಿಕೆ ಇವತ್ತಿನ ಲ್ಯಾಪ್‌ಟಾಪಲ್ಲಿ ತೆರೆಯಲ್ಲ. ಊರಿನ ಹಿರಿಯರು ಬರೆದ ನೆನಪು, ಸ್ಥಳ ಪುರಾಣ, ದಾನಿಗಳ ಪಟ್ಟಿ ಎಲ್ಲಾ ಅಂಥ ಫೈಲುಗಳಲ್ಲಿವೆ. ಹಳೇ ಕಂಪ್ಯೂಟರ್ ಗುಜರಿಗೆ ಹಾಕೋ ಮೊದಲು ಅದರಲ್ಲಿ ಏನಿದೆ ನೋಡಿ. ಮೂಲ ಫೈಲು, ಫಾಂಟು ಎರಡನ್ನೂ ಪೆನ್‌ಡ್ರೈವಿಗೆ ಹಾಕಿ, ಆ ಯಂತ್ರದಿಂದಲೇ ಒಂದು ಪಿಡಿಎಫ್ ತೆಗೆದಿಡಿ. ಆಮೇಲೆ ನಿಧಾನಕ್ಕೆ ಯೂನಿಕೋಡ್‌ಗೆ ತರಬಹುದು. ನಿಮ್ಮ ಊರಲ್ಲಿ ಅಂಥ ಸಂಚಿಕೆ ಏನಾದ್ರೂ ಸಿಕ್ಕಿದ್ರೆ ನನಗೆ ತಿಳಿಸಿ, ಪರಿವರ್ತನೆ ಮಾಡೋಕೆ ಕೂತ್ಕೊಳ್ಳೋಣ.