ಮಳೆ ನೆರಳಿನಲ್ಲಿ ಅರಸೀಕೆರೆ



ಸಕಲೇಶಪುರ, ಅರಸೀಕೆರೆ ಎರಡೂ ಹಾಸನ ಜಿಲ್ಲೆಯ ತಾಲ್ಲೂಕುಗಳೇ. ಮುಂಗಾರಿನಲ್ಲಿ ಸಕಲೇಶಪುರದವರು ಮಳೆ ಯಾವಾಗ ನಿಂತೀತೆಂದು ಕಾಯುತ್ತಿದ್ದರೆ, ಅರಸೀಕೆರೆಯವರು ಯಾವಾಗ ಬಂದೀತೆಂದು ಮುಗಿಲು ನೋಡುತ್ತಿರುತ್ತಾರೆ. ಒಂದೇ ಜಿಲ್ಲೆಯಲ್ಲಿ ಇಷ್ಟೊಂದು ಅಂತರವೇಕೆ?

ಕಾರಣ ಬೆಟ್ಟಗಳು. ಅರಬ್ಬೀ ಸಮುದ್ರದ ತೇವ ಹೊತ್ತ ನೈಋತ್ಯ ಮಾರುತ ಘಟ್ಟವನ್ನೇರುವಾಗ ತಣ್ಣಗಾಗುತ್ತದೆ. ತೇವವು ಮಳೆಯಾಗಿ ಸುರಿಯುತ್ತದೆ. ಉಳಿದದ್ದಕ್ಕೆ ಬಾಬಾಬುಡನ್‌ಗಿರಿ ಶ್ರೇಣಿ ಅಡ್ಡ ನಿಲ್ಲುತ್ತದೆ. ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ, 1,930 ಮೀಟರ್, ಇರುವುದು ಅಲ್ಲೇ. ಅದನ್ನು ದಾಟಿ ಪೂರ್ವಕ್ಕಿಳಿಯುವ ಗಾಳಿ ಬೆಚ್ಚಗಾಗಿ ಒಣಗುತ್ತದೆ. ಸುಮಾರು 800 ಮೀಟರ್ ಎತ್ತರದ ಬಯಲಿನಲ್ಲಿರುವ ಅರಸೀಕೆರೆಗೆ ಸಿಗುವುದು ಈ ಒಣಗಾಳಿ. ಭೂಗೋಳದವರು ಇದನ್ನು 'ಮಳೆ ನೆರಳು' ಎನ್ನುತ್ತಾರೆ.

ಈ ನಿಯಮ ನಮ್ಮಲ್ಲಿಗಷ್ಟೇ ಸೀಮಿತವಲ್ಲ. ಹಿಂದೂ ಮಹಾಸಾಗರದ ದಕ್ಷಿಣದಂಚಿನಲ್ಲಿ, ಅಂಟಾರ್ಕ್ಟಿಕಾದ ಹಾದಿಯಲ್ಲಿ, ಫ್ರಾನ್ಸಿಗೆ ಸೇರಿದ ಕೆರ್ಗುಲೆನ್ ದ್ವೀಪವಿದೆ. ಅಲ್ಲಿನ ಮೌಂಟ್ ರಾಸ್ ಶಿಖರದ ಎತ್ತರ 1,850 ಮೀಟರ್, ಮುಳ್ಳಯ್ಯನಗಿರಿಗಿಂತ ತುಸು ಕಡಿಮೆ. ಅದರ ತುದಿಯನ್ನು ಮನುಷ್ಯ ಮೊದಲು ಮುಟ್ಟಿದ್ದು 1975ರಲ್ಲಿ. ವರ್ಷವಿಡೀ ಬೀಸುವ ಪಶ್ಚಿಮದ ಗಾಳಿಯಿಂದಾಗಿ ದ್ವೀಪದ ಪಡುಭಾಗದಲ್ಲಿ ಮಳೆ, ಹಿಮ ಹೆಚ್ಚು. ದೊಡ್ಡ ಹಿಮರಾಶಿಯೂ ಆ ಕಡೆಗೇ ಇದೆ. ಬೆಟ್ಟಗಳ ಮರೆಯ ಮೂಡುಭಾಗದಲ್ಲಿ ಮಳೆ ಕಡಿಮೆ. ಆದರೆ ಅಲ್ಲಿರುವುದು ಬಂದುಹೋಗುವ ವಿಜ್ಞಾನಿಗಳು ಮತ್ತು ಸಿಬ್ಬಂದಿ ಮಾತ್ರ. ಮಳೆ ನಂಬಿದ ಬೇಸಾಯಗಾರರಿಲ್ಲ. ಅರಸೀಕೆರೆಯಲ್ಲಾದರೋ ಸಾವಿರಾರು ಕುಟುಂಬಗಳು ಮಳೆ ನೆರಳಿನಲ್ಲೇ ಬದುಕು ಕಟ್ಟಿಕೊಂಡಿವೆ.

ಹಿಂದಿನವರು ಇದಕ್ಕೆ ಕಂಡುಕೊಂಡ ಉತ್ತರ ಊರಿನ ಹೆಸರಿನಲ್ಲೇ ಇದೆ. ಹೊಯ್ಸಳ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ 'ಅರಸಿಯ ಕೆರೆ' ಎಂಬ ಹೆಸರು ಬಂತೆಂಬುದು ಪ್ರತೀತಿ. 1220ರ ಸುಮಾರಿನ ಈಶ್ವರ ದೇವಾಲಯದ ಶಿಲ್ಪವನ್ನು ಮೆಚ್ಚುವವರು ಕೆರೆಯನ್ನೂ ಅದೇ ಕಾಲದ ಜಾಣ್ಮೆಯೆಂದು ನೋಡಬೇಕು. ಬಿದ್ದಷ್ಟು ಮಳೆಯನ್ನು ನಿಲ್ಲಿಸಿಕೊಳ್ಳುವುದೇ ಆ ಜಾಣ್ಮೆ.

ಮುಂದೆ ಕೊಳವೆಬಾವಿಗಳು ಬಂದವು, ಕೆರೆಗಳಲ್ಲಿ ಹೂಳು ತುಂಬಿತು. 2016-17ರ ಬರದಲ್ಲಿ ಈ ಸೀಮೆಯ ತೆಂಗಿನ ತೋಟಗಳು ಒಣಗಿದವು. 2024ರ ಸೆಪ್ಟೆಂಬರಿನಲ್ಲಿ ಎತ್ತಿನಹೊಳೆ ಯೋಜನೆಯ ಮೊದಲ ಹಂತ ಉದ್ಘಾಟನೆಯಾಯಿತು. ಪಶ್ಚಿಮಕ್ಕೆ ಹರಿಯುವ ಸಕಲೇಶಪುರದ ಹಳ್ಳಗಳ ನೀರನ್ನು ಪಂಪುಗಳಿಂದ ಮೇಲೆತ್ತಿ ಪೂರ್ವದ ಬಯಲಿಗೆ ಹರಿಸುವುದು ಅದರ ಉದ್ದೇಶ. ಬೆಟ್ಟ ತಡೆದದ್ದನ್ನು ಯಂತ್ರದಿಂದ ತರುವ ಪ್ರಯತ್ನವಿದು.

ಹೊರಗಿನ ನೀರು ಬಂದರೂ ಅದನ್ನು ಹಿಡಿದಿಡಲು ಕೆರೆಯೇ ಬೇಕು. ಬೆಟ್ಟವನ್ನು ಸರಿಸಲಾಗದು, ಹೂಳು ತೆಗೆಯಬಹುದು, ಕಾಲುವೆಯ ಒತ್ತುವರಿ ಬಿಡಿಸಬಹುದು. ಅಷ್ಟು ಮಾಡದಿದ್ದರೆ ಊರಿನ ಹೆಸರಿನಲ್ಲಿ ಮಾತ್ರ ಕೆರೆ ಉಳಿದೀತು.