ನುಡಿಯದ ಅಕ್ಷರಗಳು

ಬಹುಮಟ್ಟಿಗೆ ನುಡಿದಂತೆಯೇ ಬರೆಯುವ ಕನ್ನಡದಲ್ಲಿ ಅಕ್ಷರಾಭ್ಯಾಸ ಮಾಡಿದ ಮಗುವಿಗೆ ಇಂಗ್ಲಿಷಿನ ಕಾಗುಣಿತವು ಒಂದು ಅನ್ಯಾಯವಾಗಿಯೇ ತೋರುತ್ತದೆ. ವೀರಯೋಧನೆಂಬ ಅರ್ಥದ ‘ನೈಟ್’ ಪದದ ಮೊದಲಿಗೆ ‘ಕೆ’ ಏಕೆ, ನಡುವೆ ‘ಜಿ’, ‘ಎಚ್’ ಏಕೆ ಎಂದು ಅದು ಕೇಳುತ್ತದೆ. ಅನೇಕ ವೇಳೆ ಅದಕ್ಕೆ ದೊರೆಯುವ ಉತ್ತರ ಗದರಿಕೆ.

ನಿಜವಾದ ಉತ್ತರ ಚರಿತ್ರೆಯಲ್ಲಿದೆ. ಈ ಮೂಕಾಕ್ಷರಗಳನ್ನು ಒಂದು ಕಾಲದಲ್ಲಿ ಇಂಗ್ಲಿಷರು ಉಚ್ಚರಿಸುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ನನು ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ತೆರೆದ ಮೇಲೆ ಬರಹದ ರೂಪ ಕ್ರಮೇಣ ನೆಲೆನಿಂತಿತು. ಉಚ್ಚಾರಣೆಯಾದರೋ ಬದಲಾಗುತ್ತಲೇ ಹೋಯಿತು. ಆದರೆ ಎಲ್ಲ ಮೂಕಾಕ್ಷರಗಳ ಕಥೆಯೂ ಇದಲ್ಲ. ಸಾಲವೆಂಬ ಅರ್ಥದ ‘ಡೆಟ್’ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರಲ್ಲಿ ‘ಬಿ’ ಇರಲಿಲ್ಲ. ಲ್ಯಾಟಿನ್ ಮೂಲದ ನೆನಪಿಗೆಂದು ಪಂಡಿತರು ಆಮೇಲೆ ಅದನ್ನು ಸೇರಿಸಿದರು.

ಬಹುವಚನಗಳಿಗೂ ಇಂಥ ಇತಿಹಾಸವಿದೆ. ‘ಫುಟ್’ ‘ಫೀಟ್’ ಆದುದೇಕೆ? ಪ್ರಾಚೀನ ಬಹುವಚನ ಪ್ರತ್ಯಯದಲ್ಲಿದ್ದ ‘ಇ’ಕಾರವು ಹಿಂದಿನ ಸ್ವರವನ್ನು ಮಾರ್ಪಡಿಸಿ, ತಾನು ಲೋಪವಾಯಿತು. ‘ಚಿಲ್ಡ್ರನ್’ ಪದದಲ್ಲಂತೂ ಎರಡು ಬಹುವಚನ ಪ್ರತ್ಯಯಗಳಿವೆ. ಹಳೆಯ ‘ರ’ಕಾರದ ಬಹುವಚನಾರ್ಥ ಮಸುಕಾದಾಗ ಅದರ ಮೇಲೆ ‘ಎನ್’ ಬಂದು ಕುಳಿತಿತು. ಇದಕ್ಕೆ ನಗುವ ನಾವೂ, ‘ಅವರು’ ಎಂಬುದೇ ಬಹುವಚನವಾಗಿದ್ದರೂ, ‘ಅವರುಗಳು’ ಎನ್ನುವುದಿಲ್ಲವೆ?

ಒಂದಕ್ಷರ ಬಿಟ್ಟ ಮಗುವಿನ ತಪ್ಪನ್ನು ತಿದ್ದಲೇಬೇಕು. ಆದರೆ ಅದನ್ನು ದಡ್ಡತನವೆಂದು ಜರೆಯುವುದು ಸಲ್ಲದು. ಮಗು ತನ್ನ ಕಿವಿಗೆ ಕೇಳಿಸಿದ್ದನ್ನು ಪ್ರಾಮಾಣಿಕವಾಗಿ ಬರೆದಿದೆ. ಕೇಳಿಸದೆ ಉಳಿದ ಅಕ್ಷರದ ಕಥೆಯನ್ನು ಅದಕ್ಕೆ ಹೇಳಬೇಕಾದವರು ಹಿರಿಯರಾದ ನಾವು.